ಹಳೆಯ ಎಂಜಿನ್ನಿಗೆ ವೇಪರ್ ಬ್ಲಾಸ್ಟಿಂಗ್

ಹಳೆಯ ಮೋಟಾರ್‌ಸೈಕಲ್ಲಿನ ಎಂಜಿನ್ನನ್ನು ಪೂರ್ತಿ ಬಿಚ್ಚಿದ ಮೇಲೆ, ಅದರ ಅಲ್ಯೂಮಿನಿಯಂ ಭಾಗಗಳನ್ನು ವೇಪರ್ ಬ್ಲಾಸ್ಟಿಂಗಿಗೆ, ಅಂದರೆ ಗಾಜಿನ ಮಣಿ ಬೆರೆತ ನೀರನ್ನು ಗಾಳಿಯ ರಭಸದಿಂದ ಹೊಡೆದು ಶುಚಿಮಾಡುವುದಕ್ಕೆ, ಅಣಿಗೊಳಿಸುವುದರಲ್ಲೇ ಆ ದಿನದ ಮುಕ್ಕಾಲು ಪಾಲು ಕಳೆಯಿತು. ಎಂಜಿನ್ನಿನ ಕೆಳಗಿನ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳು, ಸಿಲಿಂಡರಿನ ಮೇಲೆ ಕೂರುವ ಸಿಲಿಂಡರ್ ಹೆಡ್, ಪಕ್ಕದ ಮುಚ್ಚಳಗಳು ಎಲ್ಲದರ ಮೇಲೂ ಎಣ್ಣೆಯೂ ಧೂಳೂ ಬೆರೆತು ಕರಿಯ ಹಕ್ಕಳೆಯಾಗಿ ಕಟ್ಟಿದ್ದವು. ಇವನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಉಜ್ಜಿ, ಸೋಪಿನ ನೀರಿನಲ್ಲಿ ತೊಳೆಯದೆ ಬ್ಲಾಸ್ಟಿಂಗ್ ಯಂತ್ರದೊಳಗೆ ಇಡುವಂತಿಲ್ಲ. ಅಲ್ಲಿ ಒಂದೇ ನೀರು ಮತ್ತೆ ಮತ್ತೆ ಸುತ್ತುವುದರಿಂದ, ಅದಕ್ಕೆ ಜಿಡ್ಡು ಸೇರಿದರೆ ಮುಂದಿನ ಪ್ರತಿಯೊಂದು ಭಾಗಕ್ಕೂ ಅದೇ ಮೆತ್ತಿಕೊಳ್ಳುತ್ತದೆ. ಬೇರಿಂಗ್ ಕೂರುವ ಜಾಗಗಳಿಗೆ ರಬ್ಬರ್ ಬಿರಡೆ ಒತ್ತಿ, ಥ್ರೆಡ್ ಇರುವ ತೂತುಗಳಿಗೆ ಹಳೆಯ ಬೋಲ್ಟುಗಳನ್ನು ತಿರುಗಿಸಿದೆ.

ಸಣ್ಣ ಗಾಜಿನ ಮಣಿಗಳು ಬೆರೆತ ನೀರನ್ನು ಪಂಪು ಗನ್ನಿಗೆ ತಳ್ಳುತ್ತದೆ, ಕಂಪ್ರೆಸರಿನ ಗಾಳಿ ಅದನ್ನು ರಭಸದಿಂದ ಚಿಮ್ಮಿಸುತ್ತದೆ. ಒಣ ಮರಳಿನಿಂದ ಹೊಡೆದರೆ ಅಲ್ಯೂಮಿನಿಯಂ ತರಚಿ ಮಂಕಾಗುತ್ತದೆ. ಅದರ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಇಲ್ಲಿ ನೀರು ಮಣಿಯ ಪೆಟ್ಟನ್ನು ಮೆದುಗೊಳಿಸುತ್ತದೆ, ಧೂಳನ್ನು ಏಳಗೊಡುವುದಿಲ್ಲ, ಲೋಹವನ್ನೂ ಅಷ್ಟಾಗಿ ಸವೆಸುವುದಿಲ್ಲ. ಗನ್ನನ್ನು ಓರೆಯಾಗಿ ಹಿಡಿದು ಹೆಡ್ಡಿನ ರೆಕ್ಕೆಗಳ ಸಂದುಗಳಲ್ಲಿ ಆಡಿಸಿದಾಗ, ಬಿಳಿಯ ಕಿಲುಬು ಕರಗಿದಂತೆ ಹೋಗಿ ತಿಳಿಬೆಳ್ಳಿಯ ಬಣ್ಣ ಕಾಣಿಸಿತು, ಎರಕದಲ್ಲೇ ಮೂಡಿದ ಅಂಕಿಗಳು ಓದುವಂತಾದವು. ಅದರ ಜೊತೆಗೇ ಕ್ರ್ಯಾಂಕ್‌ಕೇಸಿನ ಅಂಚಿನಲ್ಲಿ ಯಾರೋ ಸ್ಕ್ರೂಡ್ರೈವರ್ ತೂರಿಸಿ ಮೀಟಿದ ಗಾಯಗಳೂ, ಜಿಡ್ಡಿನಡಿ ಅಡಗಿದ್ದ ಹಳೆಯ ವೆಲ್ಡಿಂಗಿನ ಗೆರೆಯೂ ಬಯಲಾದವು. ಇಂಥ ಗಾಯಗಳನ್ನು ಬ್ಲಾಸ್ಟಿಂಗ್ ಮುಚ್ಚುವುದಿಲ್ಲ. ಕನ್ನಡಿಯಂತೆ ಪಾಲಿಶ್ ಮಾಡಿದ ಎರಕಕ್ಕಿಂತ ನನಗೆ ಈ ಸಾದಾ ಮೇಲ್ಮೈಯೇ ಹೆಚ್ಚು ಇಷ್ಟ, ಏಕೆಂದರೆ ಕಾರ್ಖಾನೆಯಿಂದ ಬಂದಾಗ ಇದ್ದ ರೂಪಕ್ಕೆ ಇದು ಹತ್ತಿರವಾಗಿರುತ್ತದೆ.

ಕಬ್ಬಿಣದ ಸಿಲಿಂಡರನ್ನು ಮಾತ್ರ ಒಳಗೆ ಇಡಲಿಲ್ಲ. ಒದ್ದೆಯಾದ ಬರಿ ಕಬ್ಬಿಣ ನೋಡನೋಡುತ್ತಲೇ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ.

ಹೊಳೆಯುವ ಭಾಗಗಳ ಚಿತ್ರ ತೋರಿಸುವವರು ಸಾಮಾನ್ಯವಾಗಿ ಹೇಳದ ಕೆಲಸ ಆಮೇಲಿನದು. ಬಿರಡೆ ಹಾಕಿದ್ದರೂ ಮಣಿಗಳು ಎಣ್ಣೆ ಹರಿಯುವ ದಾರಿಗಳಿಗೆ ನುಸುಳುತ್ತವೆ. ಅಲ್ಲೇ ಉಳಿದರೆ ಎಂಜಿನ್ ಓಡಿದಾಗ ಎಣ್ಣೆಯೊಡನೆ ಬೇರಿಂಗಿಗೆ ಹೋಗಿ ಗೀರು ಎಳೆಯುತ್ತವೆ. ಆದ್ದರಿಂದ ಪ್ರತಿ ದಾರಿಯಲ್ಲೂ ಸಣ್ಣ ಬ್ರಷ್ ತೂರಿಸಿ, ಬಿಸಿನೀರು ಹಾಯಿಸಿ, ಗಾಳಿ ಹೊಡೆದೆ. ಆದರೂ ಮಣಿಗಳು ಒದ್ದೆಯಿರುವಾಗ ಗೋಡೆಗೆ ಅಂಟಿಕೊಂಡು ಮೋಸ ಮಾಡುತ್ತವೆ. ಪೂರ್ತಿ ಒಣಗಿದ ಕ್ರ್ಯಾಂಕ್‌ಕೇಸನ್ನು ಮರುದಿನ ಕರಿಯ ಕಾಗದದ ಮೇಲೆ ಮಗುಚಿ ಮರದ ಹಿಡಿಯಿಂದ ತಟ್ಟಿದಾಗ, ತಳಮುಚ್ಚಿದ ಒಂದು ಬೋಲ್ಟಿನ ತೂತಿನಿಂದ ಚಿಟಿಕೆಯಷ್ಟು ಬಿಳಿಪುಡಿ ಉದುರಿತು. ಜೋಡಣೆಯನ್ನು ಮುಂದೂಡಿ, ಎರಡು ಹೋಳುಗಳನ್ನೂ ಮತ್ತೆ ಬಿಸಿನೀರಿಗೆ ಇಳಿಸಿದೆ.