ಹಾಡು ಮನೆ ಬಿಡುವ ಮುನ್ನ ಒಂದು ಪ್ರತಿ

ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ಹಾಡುಗಳನ್ನು ಧ್ವನಿಮುದ್ರಿಸಿಕೊಡಿ ಎಂದು ಕಕ್ಕಬೆ ಕಡೆಯ ಐನ್‌ಮನೆಯವರು (ಐನ್‌ಮನೆ ಎಂದರೆ ಕೊಡವ ಕುಟುಂಬದ ಮೂಲಮನೆ) ಕರೆದಾಗ, ಕುಟುಂಬದ ಹಿರಿಯರಾದ ಪಟ್ಟೆದಾರರು ಹಾಕಿದ್ದು ಒಂದೇ ಷರತ್ತು: ಒಂದು ಪ್ರತಿ ಮನೆಯಲ್ಲಿ ಉಳಿಯದ ಹೊರತು ಯಂತ್ರ ಹೊಸ್ತಿಲು ದಾಟಬಾರದು. ಹಿಂದೆ ಯಾರೋ ಬಂದು ಕ್ಯಾಸೆಟ್‌ಗೆ ಹಾಡು ತುಂಬಿಸಿಕೊಂಡು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲವಂತೆ. "ಹಾಡಿದ ನಾಲ್ವರಲ್ಲಿ ಈಗ ಒಬ್ಬರೂ ಇಲ್ಲ, ಕ್ಯಾಸೆಟ್ಟೂ ಇಲ್ಲ" ಎಂದರು. ನ್ಯಾಯವಾದ ಮಾತು. ಮದುವೆ, ಸಭೆ, ಸಮಾರಂಭ ಎಂದು ಮಡಿಕೇರಿಯಿಂದ ಸಾಮಾನು ಹೊತ್ತು ತಿರುಗುವ ನಮ್ಮಂಥವರಿಗೆ "ಅಂಗಡಿಗೆ ಹೋಗಿ ಕಳುಹಿಸುತ್ತೇನೆ" ಎನ್ನುವುದು ಬಾಯಿಪಾಠ. ಇಲ್ಲಿ ಅದು ನಡೆಯುವಂತಿರಲಿಲ್ಲ.

ರಾತ್ರಿಯ ಕೆಲಸ ಸಲೀಸಾಗಿಯೇ ಮುಗಿಯಿತು. ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಗೊತ್ತುಮಾಡಿದ ಮುಹೂರ್ತದ ನಂತರ ಗದ್ದೆಯಲ್ಲಿ ಕದಿರು ಕೊಯ್ಯುವಾಗ ಕೋವಿ ಸಿಡಿಯುತ್ತದೆ; ಆ ಸದ್ದಿಗೆ ಮೈಕು ಕಿರುಚಿಕೊಳ್ಳದಿರಲಿ ಎಂದು ಒಂದು ಟ್ರ್ಯಾಕ್‌ನ ಮಟ್ಟವನ್ನು ತೀರಾ ತಗ್ಗಿಸಿಟ್ಟಿದ್ದೆ. "ಪೊಲಿ ಪೊಲಿ ದೇವಾ" ಎಂಬ ಕೂಗಿನೊಂದಿಗೆ ಎಲ್ಲರೂ ಮನೆಗೆ ಬಂದ ಮೇಲೆ ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದ ನಾಲ್ವರು ಹಾಡಲು ನಿಂತರು. ಇಬ್ಬರು ಹಾಡಿದ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುವ ಕ್ರಮ ಅದು. ಜೋಡಿಗೊಂದು ಮೈಕು, ದುಡಿಗೊಂದು, ಮನೆಯೊಳಗಿನ ಗದ್ದಲಕ್ಕೊಂದು. ರೆಕಾರ್ಡರ್ ಇಡಲು ಜಗಲಿಯ ಕಂಬಗಳ ನಡುವಿನ ಮರದ ಆಸನ, ಐಮರ, ಹೇಳಿ ಮಾಡಿಸಿದಂತಿತ್ತು. ಆದರೆ ಅದು ಹಿರಿಯರು ಕೂರುವ ಜಾಗ, ಹಾಗಾಗಿ ಸ್ಟೂಲಿನ ಮೇಲಿಟ್ಟೆ. 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ, ಮೈಕಿಗೊಂದರಂತೆ ನಾಲ್ಕು ಟ್ರ್ಯಾಕ್ ಎಂದರೆ ಗಂಟೆಗೆ 2 ಜಿಬಿಗಿಂತ ತುಸು ಹೆಚ್ಚು. ಮರುದಿನದ ಹಾಡುಗಳೂ ಸೇರಿ ರೆಕಾರ್ಡರಿನ ಮೆಮೊರಿ ಕಾರ್ಡಿನಲ್ಲಿ 12 ಜಿಬಿ ದಾಟಿತ್ತು.

ಪ್ರತಿ ಮಾಡುವ ಹೊತ್ತಿಗೆ ನಿಜವಾದ ಹಬ್ಬ ಶುರುವಾಯಿತು. ಬೆಂಗಳೂರಿನಿಂದ ಬಂದಿದ್ದ ಹುಡುಗನ ಲ್ಯಾಪ್‌ಟಾಪನ್ನು ನಂಬಿಕೊಂಡಿದ್ದೆವು. ಅದು ಕಂಪನಿಯ ಲ್ಯಾಪ್‌ಟಾಪು; ಕಾರ್ಡ್ ಚುಚ್ಚಿದರೆ "ನಿಮ್ಮ ಸಂಸ್ಥೆ ಇದನ್ನು ನಿರ್ಬಂಧಿಸಿದೆ" ಎನ್ನುತ್ತದೆ. ಐನ್‌ಮನೆಯಲ್ಲಿ ಬೇರೆ ಕಂಪ್ಯೂಟರ್ ಇಲ್ಲ. ಉಳಿದ ದಾರಿ ಒಂದೇ, ಡಿಸ್ಕನ್ನು ನೇರವಾಗಿ ರೆಕಾರ್ಡರ್‌ಗೇ ಜೋಡಿಸುವುದು.

ಹುಡುಗನ ಚಿಕ್ಕಮ್ಮ ತಮ್ಮ ಬ್ಯಾಗಿನಿಂದ 1 ಟಿಬಿಯ ಹಳೆಯ ಹಾರ್ಡ್ ಡಿಸ್ಕ್ ತೆಗೆದುಕೊಟ್ಟರು. ಹುಡುಗ ಅದನ್ನು ಯಂತ್ರದ ಯುಎಸ್‌ಬಿ-ಸಿ ಕಿಂಡಿಗೆ ಚುಚ್ಚಿದ. ಏನೂ ಆಗಲಿಲ್ಲ. "ಅಣ್ಣಾ, ಸರಿಯಾಗಿ ಕೂತಿದೆಯಲ್ಲ?" ಎಂದ. ಕೂತಿತ್ತು, ಆದರೆ ಆ ಕಿಂಡಿ ರೆಕಾರ್ಡರನ್ನು ಕಂಪ್ಯೂಟರಿಗೆ ಜೋಡಿಸಲು ಇರುವಂಥದ್ದು. ಅಲ್ಲಿ ರೆಕಾರ್ಡರ್ ತಾನೂ ಒಂದು ಡಿಸ್ಕ್ ಎಂದು ಹೇಳಿಕೊಂಡು ಸುಮ್ಮನೆ ಕೂರುತ್ತದೆ. ಇಬ್ಬರೂ ಎಲೆಯ ಮುಂದೆ ಕುಳಿತ ನೆಂಟರಾದರೆ ಬಡಿಸುವವರು ಯಾರು? ಆಜ್ಞೆ ಕೊಡುವ ಒಂದು ಕಡೆ ಬೇಕು. ಯುಎಸ್‌ಬಿ ಭಾಷೆಯಲ್ಲಿ ಅದಕ್ಕೆ ಹೋಸ್ಟ್ ಎನ್ನುತ್ತಾರೆ. ಎಷ್ಟೋ ರೆಕಾರ್ಡರ್‌ಗಳಿಗೆ ಆ ಯೋಗ್ಯತೆಯೇ ಇರುವುದಿಲ್ಲ. ನನ್ನದಕ್ಕೆ ಪಕ್ಕದಲ್ಲಿ ಅಗಲ ಬಾಯಿಯ ಇನ್ನೊಂದು ಕಿಂಡಿ ಇದೆ, ಹೊರಗಿನ ಡಿಸ್ಕ್‌ಗೆ ಪ್ರತಿ ಮಾಡಲೆಂದೇ ಕೊಟ್ಟಿದ್ದು.

ಅಲ್ಲಿಗೆ ಚುಚ್ಚಿದಾಗ ದೀಪ ಮಿಣುಕಿತು. ಆಮೇಲೆ ಟಿಕ್, ಟಿಕ್, ಟಿಕ್. ಡಿಸ್ಕಿನೊಳಗಿನ ತಟ್ಟೆ ತಿರುಗಲು ಹೊರಟು ಸೋತು, ಮತ್ತೆ ಹೊರಡುವ ಸದ್ದು. ಪಟ್ಟೆದಾರರು ಬಗ್ಗಿ ಕಿವಿಗೊಟ್ಟು, "ಇದಕ್ಕೆ ಉಸಿರು ಸಾಲುತ್ತಿಲ್ಲ" ಎಂದರು. ಎಂಜಿನಿಯರ್ ಹೇಳಿದ್ದರೂ ಇದಕ್ಕಿಂತ ಸರಿಯಾಗಿ ಹೇಳುತ್ತಿರಲಿಲ್ಲ. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದ್ದು 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್. ಇಂಥ ಡಿಸ್ಕ್ ನಿಂತಲ್ಲಿಂದ ತಿರುಗತೊಡಗುವಾಗ ಒಂದು ಆಂಪಿಯರ್‌ವರೆಗೂ ಕೇಳಬಹುದು. ಬ್ಯಾಟರಿ ಮೇಲೆ ಓಡುವ ಪುಟ್ಟ ಯಂತ್ರ ಅಷ್ಟನ್ನು ಎಲ್ಲಿಂದ ತರಬೇಕು? ಸ್ವಂತ ಚಾರ್ಜರ್ ಇರುವ ಯುಎಸ್‌ಬಿ ಹಬ್ ನನ್ನ ಚೀಲದಲ್ಲಿತ್ತು. ಅದನ್ನು ನಡುವೆ ಸೇರಿಸಿದೊಡನೆ ಟಿಕ್‌ಟಿಕ್ ನಿಂತು ಸಣ್ಣ ಗುಂಯ್ ಎಂಬ ಸದ್ದು ಹತ್ತಿತು. (ಈ ಗುಂಯ್ ಕಾರಣಕ್ಕೇ ತಿರುಗುವ ಡಿಸ್ಕನ್ನು ಹಾಡಿನ ಹೊತ್ತಿನಲ್ಲಿ ಮೈಕಿನ ಹತ್ತಿರ ಸುಳಿಯಲು ಬಿಡಬಾರದು. ಕಾರ್ಡಿಗೆ ಮುದ್ರಿಸಿಕೊಂಡು ಆಮೇಲೆ ಪ್ರತಿ ಮಾಡುವುದೇ ಕ್ಷೇಮ.)

ಎಲ್ಲರೂ ನಿರಾಳವಾಗುವಷ್ಟರಲ್ಲಿ ಬೆಂಕಿಪೊಟ್ಟಣದಷ್ಟಗಲದ ಪರದೆಯಲ್ಲಿ ಪ್ರಶ್ನೆ ಮೂಡಿತು: ಈ ಡಿಸ್ಕನ್ನು ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ? ಹೌದು, ಬೇಡ ಎಂಬ ಎರಡು ಪದ, "ಹೌದು" ಎಂಬುದರ ಮೇಲೆ ಆಗಲೇ ಬಣ್ಣ. ಹುಡುಗನ ಬೆರಳು ಗುಂಡಿಯತ್ತ ಹೊರಟಿತ್ತು. ಕೈ ಹಿಡಿದು ನಿಲ್ಲಿಸಿದೆ; ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿದುಹೋಗುತ್ತದೆ. ಡಿಸ್ಕ್, ಕಡತಗಳನ್ನು ಜೋಡಿಸಿಡುವ ವಿಂಡೋಸ್‌ನ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿತ್ತು. ಬಹುಪಾಲು ರೆಕಾರ್ಡರ್‌ಗಳಿಗೆ ಫ್ಯಾಟ್32, ಎಕ್ಸ್‌ಫ್ಯಾಟ್ ಬಿಟ್ಟರೆ ಬೇರೆ ಬರುವುದಿಲ್ಲ. ಅದರಲ್ಲಿ ಏನಿದೆ ಎಂದು ಚಿಕ್ಕಮ್ಮನನ್ನು ಕೇಳಿದೆ. "ನಮ್ಮ ಮದುವೆಯ ಫೋಟೋ ಪೂರ್ತಿ ಅದರಲ್ಲೇ ಇದೆ" ಎಂದರು. ಬೇರೆಲ್ಲೂ ಇಲ್ಲವಂತೆ. ಇಷ್ಟು ದೊಡ್ಡ ಅನಾಹುತವನ್ನು ಒಂದೇ ಗುಂಡಿಯ ದೂರದಲ್ಲಿ ಇಡುವ ವಿನ್ಯಾಸಕಾರರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಕಾರಿನಲ್ಲಿ ಹಾಡು ಕೇಳುವ ಪೆನ್‌ಡ್ರೈವ್ ತಂದರು. ಫ್ಯಾಟ್32, ರೆಕಾರ್ಡರ್ ತಕ್ಷಣ ಒಪ್ಪಿತು. ಆದರೆ ಪೂರ್ತಿ ಖಾಲಿ ಮಾಡಿದರೂ 8 ಜಿಬಿ. ಕೊನೆಗೆ ಕೈಹಿಡಿದದ್ದು ಹುಡುಗ ತನ್ನ ಮೊಬೈಲ್ ವಿಡಿಯೋಗಳಿಗೆಂದು ಕೊಂಡಿದ್ದ ಎಸ್‌ಎಸ್‌ಡಿ. ತಿರುಗುವ ತಟ್ಟೆ ಇಲ್ಲ, ಹೊರಡುವಾಗ ಎಳೆಯುವ ವಿದ್ಯುತ್ತಿನ ರಗಳೆ ಇಲ್ಲ, ಎಕ್ಸ್‌ಫ್ಯಾಟ್‌ನಲ್ಲೇ ಇತ್ತು. 64 ಜಿಬಿಯ ಎಸ್‌ಡಿ ಕಾರ್ಡುಗಳು ಬರುವುದೂ ಎಕ್ಸ್‌ಫ್ಯಾಟ್‌ನಲ್ಲೇ, ಹಾಗಾಗಿ ಅಂಥ ಕಾರ್ಡ್ ಓದುವ ಯಂತ್ರ ಇದನ್ನೂ ಓದೀತು ಎಂಬ ಅಂದಾಜು ಸರಿಹೋಯಿತು. ಕರೆಂಟ್ ನಂಬುವಂತಿರಲಿಲ್ಲವಾಗಿ ರೆಕಾರ್ಡರ್‌ಗೆ ಪವರ್ ಬ್ಯಾಂಕ್ ಕೊಟ್ಟು ಪ್ರತಿ ಮಾಡಲು ಬಿಟ್ಟು, ನಾವು ತಂಬಿಟ್ಟಿಗೆ ಕುಳಿತೆವು.

ಕಡತದ ಹೆಸರು ಕಂಡಿತೆಂದು ಎದ್ದು ಹೋಗುವವನು ನಾನಲ್ಲ. ಎರಡೂ ಕಡೆಯ ಗಾತ್ರ ತಾಳೆ ನೋಡಿ, ಎಸ್‌ಎಸ್‌ಡಿಯನ್ನು ಮೊಬೈಲಿಗೆ ಚುಚ್ಚಿ, ಮೊದಲ ಕಡತ, ಕೊನೆಯ ಕಡತ, ನಡುವಿನದೊಂದು ಕೇಳಿಸಿದೆ. ಒಂದು ಕಡೆ ಹಾಡು ಸಾಲಿನ ಅರ್ಧಕ್ಕೇ ನಿಂತಿತು. ಪಟ್ಟೆದಾರರ ಮುಖ ಸಣ್ಣದಾಯಿತು. "ಅಜ್ಜಾ, ತುಂಡಾಗಿಲ್ಲ, ಮುಂದಿನ ಕಡತದಲ್ಲಿ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ" ಎಂದೆ. ಸಾಮಾನ್ಯ ವೇವ್ ಧ್ವನಿಕಡತ 4 ಜಿಬಿ ಮೀರುವಂತಿಲ್ಲ. ಆ ಗಡಿ ಬರುವ ಮೊದಲೇ ಯಂತ್ರ ತಾನಾಗಿ ಹೊಸ ಕಡತ ತೆರೆಯುತ್ತದೆ. ಎರಡನೆಯದನ್ನು ಹಾಕಿದಾಗ ಉಳಿದರ್ಧ ಸಾಲು ಬಂತು, ದುಡಿಯ ಏಟೂ ತಪ್ಪಿರಲಿಲ್ಲ. ಅವರು ಅದನ್ನೇ ಮತ್ತೊಮ್ಮೆ ಹಾಕಿಸಿ ಕೇಳಿದರು, ಹಾಡಿಗಾಗಿ ಅಲ್ಲ, ನನ್ನ ಮಾತು ಪರೀಕ್ಷಿಸಲು.

ಎಸ್‌ಎಸ್‌ಡಿಯನ್ನು ವರ್ಷಗಟ್ಟಲೆ ವಿದ್ಯುತ್ ತೋರಿಸದೆ ಪೆಟ್ಟಿಗೆಯಲ್ಲಿಟ್ಟರೆ ಒಳಗಿನದು ಅಳಿಯಬಹುದು, ಪ್ರತಿ ಪುತ್ತರಿಗೆ ಒಮ್ಮೆ ಚುಚ್ಚಿ ನೋಡಿ, ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ ಎಂದೆ. ಮೊದಲನೆಯದನ್ನು ಹುಡುಗನ ತಲೆಗೆ ಕಟ್ಟಿದರು. ಎರಡನೆಯದಕ್ಕೆ ಜಾಗ ಎಲ್ಲಿ ಎಂದು ಯಾರೋ ಕೇಳಿದರು. ಎಲ್ಲರ ಕಣ್ಣೂ ಆ ಹಳೆಯ ಹಾರ್ಡ್ ಡಿಸ್ಕಿನ ಕಡೆ ತಿರುಗಿತು. ಚಿಕ್ಕಮ್ಮ ಆಗಲೇ ಅದನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಾಗಿತ್ತು. "ಅದನ್ನು ನೀವು ಅಂಗಡಿಗೆ ಹೋಗಿಯೇ ಕಳುಹಿಸಿ" ಎಂದರು.