ಮುನ್ನೂರು ಸ್ಟಿಕರ್, ಮೂರು ಸಾವಿರ ಚೂರು

ಚಿಕ್ಕಪ್ಪ ಬಂಗಾರಪೇಟೆಯಲ್ಲಿ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಬಂದವರಿಗೆಲ್ಲ ಒಂದೊಂದು ಸ್ಟೀಲ್ ಡಬ್ಬಿ ಕೊಡೋಣ ಅಂತ ಮಾತಾಯಿತು. ಒಟ್ಟು 300 ಡಬ್ಬಿ. "ನಿನ್ನ ಹತ್ರ ಮಿಷನ್ ಇದೆಯಲ್ಲಮ್ಮ, ಹೆಸರು ನೀನೇ ಹಾಕಿಕೊಡು" ಅಂದರು. ಒಪ್ಪಿಕೊಂಡೆ. ಅಲ್ಲಿಯವರೆಗೆ ನಾನು ಒಂದು ಸಲಕ್ಕೆ ಕತ್ತರಿಸಿದ್ದು ಜಾಸ್ತಿ ಅಂದರೆ 20 ಸ್ಟಿಕರ್.

ನನ್ನದು 12 ಇಂಚಿನ ಕ್ಯಾಮಿಯೊ, ಕಂಪ್ಯೂಟರಿನಲ್ಲಿ ಬರೆದದ್ದನ್ನು ಸಣ್ಣ ಬ್ಲೇಡಿನಿಂದ ಕತ್ತರಿಸಿಕೊಡುವ ಮಿಷನ್. ವಿನೈಲ್, ಅಂದರೆ ಹಿಂದೆ ಅಂಟೂ ಕೆಳಗೆ ಕಾಗದವೂ ಇರುವ ತೆಳು ಪ್ಲಾಸ್ಟಿಕ್ ಹಾಳೆ, ಒರಾಕಲ್ 651, ಡಬ್ಬಿ ಅಂದಮೇಲೆ ದಿನಾ ತೊಳೀತಾರೆ, ಅದಕ್ಕೆ ಗಟ್ಟಿಯಾಗಿ ಹಿಡಿಯುವ ಅಂಟೇ ಬೇಕು. ಒರಾಕಲ್ 631 ಗೋಡೆಗೆ ಚೆನ್ನ, ಪಾತ್ರೆಗೆ ಆಗಲ್ಲ. ಸ್ಟಿಕರ್ ಅಳತೆ 3 ಇಂಚು ಅಗಲ, ಒಂದೂವರೆ ಇಂಚು ಎತ್ತರ. ವಿನೈಲ್ ಹಿಡಿದಿಟ್ಟು ಮಿಷನ್ ಒಳಗೆ ಕೊಡುವ 24 ಇಂಚಿನ ಮ್ಯಾಟ್ ಮೇಲೆ 42 ಕೂರುತ್ತವೆ. 8 ಮ್ಯಾಟ್ ಕತ್ತರಿಸಿದರೆ 336, ಹಾಳಾಗೋದಕ್ಕೆ ಅಂತ 36 ಕೈಯಲ್ಲಿರುತ್ತವೆ.

ಮೊದಲ ಮ್ಯಾಟ್ ಪೂರ್ತಿ ಹಾಳಾಯಿತು, ಅದು ಈ 8ರ ಲೆಕ್ಕಕ್ಕಿಲ್ಲ. ಬರೆಯಬೇಕಿದ್ದದ್ದು "ಗೃಹಪ್ರವೇಶದ ಸವಿನೆನಪು", ಕೆಳಗೆ ತಾರೀಖು. ಪರದೆ ಮೇಲೆ ನೋಡಿದರೆ ಏನೂ ತಪ್ಪಿಲ್ಲ. ಕತ್ತರಿಸಿ ಬಂದಮೇಲೆ ಹತ್ತಿರ ಹಿಡಿದು ನೋಡಿದರೆ "ಪ್ರ" ಅಕ್ಷರದಲ್ಲಿ ಒತ್ತು ಮೇಲಿನ ಪಕಾರವನ್ನು ಎಲ್ಲಿ ತಾಕುತ್ತದೋ ಅಲ್ಲಿ ಅಕ್ಕಿ ನುಚ್ಚಿನಷ್ಟು ಚೂರು ಬೇರೆ ಆಗಿತ್ತು. ಪಕಾರದ ಗೆರೆ ಒಂದು, ಒತ್ತಿನ ಗೆರೆ ಇನ್ನೊಂದು, ಎರಡೂ ಒಂದರ ಮೇಲೊಂದು ಹಾದುಹೋಗಿವೆ. ಮುದ್ರಣಕ್ಕೆ ಇದರಿಂದ ತೊಂದರೆಯಿಲ್ಲ, ಕಪ್ಪಿನ ಮೇಲೆ ಕಪ್ಪು ಬಿದ್ದರೆ ಯಾರಿಗೆ ಗೊತ್ತಾಗುತ್ತೆ? ಬ್ಲೇಡ್ ಮಾತ್ರ ಕಂಡ ಗೆರೆಯನ್ನೆಲ್ಲ ಕತ್ತರಿಸುತ್ತದೆ. ಇಂಗ್ಲಿಷ್ ಅಕ್ಷರದವರಿಗೆ ಕೂಡು ಬರಹದಲ್ಲಿ ಮಾತ್ರ ಬರುವ ಕಷ್ಟ ಇದು, ನಮಗೆ ಹೆಜ್ಜೆಹೆಜ್ಜೆಗೂ ಇದೆ. ಅದಕ್ಕೆ ಕನ್ನಡದಲ್ಲಿ ಮಾಡುವವರು ದಯವಿಟ್ಟು ಇದೊಂದನ್ನು ಮರೀಬೇಡಿ: ಗೆರೆಚಿತ್ರ ಬರೆಯುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಬರೆದು, ಬರಹವನ್ನು ಪಾತ್ (ಬರೀ ಗೆರೆಗಳ ಆಕಾರ) ಮಾಡಿ, ಆಮೇಲೆ ಯೂನಿಯನ್ ಕೊಟ್ಟು ಅಕ್ಷರವನ್ನೂ ಒತ್ತನ್ನೂ ಒಂದೇ ಗೆರೆಯಾಗಿ ಬೆಸೆದು, ಬಣ್ಣ ತೆಗೆದು ಬರೀ ಗೆರೆ ಮಾತ್ರ ಇಟ್ಟು ನೋಡಿ. ಒಳಗೆ ಅಡ್ಡಗೆರೆ ಉಳಿದಿದ್ದರೆ ಆಗ ಕಾಣುತ್ತದೆ.

ಎರಡನೇ ಮ್ಯಾಟ್ ಸರಿ ಬಂತು. ಆಮೇಲೆ ಕೀಳೋ ಕೆಲಸ. ಅಕ್ಷರದ ಸುತ್ತಲಿನ ವಿನೈಲ್ ತೆಗೆದು, ಒಳಗಿನ ತೂತುಗಳನ್ನು ಕೊಕ್ಕೆಯಲ್ಲಿ ಎತ್ತಬೇಕು. ನಮ್ಮ ಅಕ್ಷರಗಳು ದುಂಡು ಅಲ್ವಾ, ನಾನು ಆರಿಸಿದ ಫಾಂಟಿನಲ್ಲಿ ಒಂದು ಸ್ಟಿಕರ್‌ಗೆ 9 ಒಳಚೂರು. 336 ಸ್ಟಿಕರ್‌ಗೆ ಮೂರು ಸಾವಿರದ ಮೇಲೆ! ಮಿಷನ್ ಒಂದು ಮ್ಯಾಟ್ ಮುಗಿಸುವ ಹೊತ್ತಿಗೆ ನಾನು ಅರ್ಧವೂ ಕಿತ್ತಿರಲಿಲ್ಲ. ಸುತ್ತಲಿನದನ್ನು ದೊಡ್ಡ ಹಾಳೆಯಾಗಿ ಎಳೆಯಲು ಹೋದರೆ ಅದು ಮಡಚಿಕೊಂಡು ಪಕ್ಕದ ಅಕ್ಷರದ ಮೇಲೆ ಬೀಳುತ್ತಿತ್ತು, ಅಂಟಿಗೆ ಅಂಟು ಹಿಡಿದು ಎರಡೂ ಹಾಳು.

ಅಮ್ಮ ಸ್ವಲ್ಪ ಹೊತ್ತು ನೋಡಿದರು. "ಇದು ಕಳೆ ಕೀಳೋದೇ ಕಣಮ್ಮ. ರಾಗಿ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಕೀಳ್ತೀವಾ? ಒಂದು ಸಾಲು ಹಿಡಿದು ಕೂತು ಮುಗಿಸಿ ಮುಂದಕ್ಕೆ ಜರುಗ್ತೀವಿ" ಅಂದರು. ಅವರು ಅಷ್ಟು ವರ್ಷ ಹೊಲದಲ್ಲಿ ಮಾಡಿದ ಕೆಲಸ. ನಾನು ಆ ರಾತ್ರಿಯೇ ಫೈಲ್ ಬದಲಾಯಿಸಿದೆ. ಪ್ರತಿ ಸ್ಟಿಕರ್ ಸುತ್ತ ಒಂದು ಚೌಕ, ಎರಡು ಸಾಲು ಅಕ್ಷರದ ನಡುವೆ ಒಂದು ಅಡ್ಡಗೆರೆ. ಆಗ ಕಿತ್ತು ಬರೋದು ಬೆರಳಗಲದ ಪಟ್ಟಿ ಮಾತ್ರ, ಬಿದ್ದರೂ ಒಂದೇ ಸ್ಟಿಕರ್ ಮೇಲೆ. ಅಡ್ಡ ಸಾಲಿಗೆ ಮೂರರಂತೆ ಕತ್ತರಿಯಲ್ಲಿ ಪಟ್ಟಿ ಮಾಡಿಕೊಂಡೆವು. ಅಮ್ಮ ಸುತ್ತಲಿನದು ಕೀಳುತ್ತಿದ್ದರು, ನಾನು ತೂತು.

ಹೊತ್ತೂ ಮುಖ್ಯ. ಕತ್ತರಿಸಿದ ಕೂಡಲೇ ಕಿತ್ತರೆ ಸಲೀಸು. ಬಿಟ್ಟರೆ ಅಂಟು ಮತ್ತೆ ಕೂಡಿಕೊಳ್ಳುತ್ತದೆ, ಸೆಕೆಯಲ್ಲಂತೂ ವಿನೈಲ್ ರಬ್ಬರಿನ ಹಾಗೆ ಎಳೆಯುತ್ತದೆ. ಕೋಲಾರದ ಬೇಸಿಗೆ ಮಧ್ಯಾಹ್ನ ಇದಕ್ಕೆ ಸಲ್ಲದು. ಅಂತರಗಂಗೆ ಬೆಟ್ಟದ ಮೇಲೆ ಬಿಸಿಲು ಏರುವ ಮೊದಲು, ಬೆಳಿಗ್ಗೆ ಐದೂವರೆಗೆ ಕೂತು ದಿನಕ್ಕೆ ಎರಡು ಮ್ಯಾಟ್ ಮುಗಿಸಿದೆವು.

ಬ್ಲೇಡ್ ಬಗ್ಗೆ ಒಂದು ಮಾತು. 651ರ ದಪ್ಪ 0.063 ಮಿಲಿಮೀಟರ್ ಅಷ್ಟೆ. ಅದನ್ನು ಮಾತ್ರ ಕತ್ತರಿಸಿ ಕೆಳಗಿನ ಕಾಗದ ಉಳಿಯಬೇಕು. ಕಾಗದ ತಿರುಗಿಸಿ ನೋಡಿ, ಸಣ್ಣ ಗೀರು ಕಂಡರೆ ಸಾಕು, ಹರಿದಿದ್ದರೆ ಆಳ ಕಡಿಮೆ ಮಾಡಿ. ಪ್ರತಿ ಮ್ಯಾಟ್‌ಗೂ ಮೂಲೆಯಲ್ಲಿ ಒಂದು ಪರೀಕ್ಷೆ ಮಾಡಿದೆ. ವೇಗವನ್ನೂ ಇಳಿಸಿದೆ, ಜೋರಾಗಿ ಓಡಿದರೆ ಸಣ್ಣ ಸುರುಳಿಗಳು ಎದ್ದು ಬರುತ್ತವೆ.

ಐದನೇ ಮ್ಯಾಟ್ ಅರ್ಧದಲ್ಲಿ ಕರೆಂಟ್ ಹೋಯಿತು. ಮಿಷನ್‌ಗೆ ತಾನು ಎಲ್ಲಿದ್ದೆ ಅನ್ನೋದು ನೆನಪಿರಲ್ಲ. ಮ್ಯಾಟ್ ಇಲ್ಲದೆ ಉದ್ದ ರೋಲನ್ನೇ ಒಂದೇ ಸಲ ಹಾಕಿದ್ದರೆ ಎಷ್ಟು ಹೋಗುತ್ತಿತ್ತೋ. ಇಲ್ಲಿ ಮುಗಿದಿದ್ದ ಸಾಲುಗಳನ್ನು ಕತ್ತರಿಸಿ ಇಟ್ಟುಕೊಂಡು, ಉಳಿದದ್ದನ್ನು ಹೊಸ ವಿನೈಲ್ ಮೇಲೆ ಮಾಡಿದೆ.

ಅಂಟಿಸುವಾಗ ಹೊಸ ಡಬ್ಬಿಗೆ ಪಾಲಿಶ್ ಜಿಡ್ಡು ಇರುತ್ತದೆ, ಮೆಡಿಕಲ್ ಸ್ಟೋರಿನ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಅಕ್ಷರಗಳನ್ನು ಕಾಗದದಿಂದ ಎತ್ತಿ ಡಬ್ಬಿ ಮೇಲೆ ಕೂರಿಸುವ ಟೇಪಿನ ಒಂದು ತುಂಡು ಏಳೆಂಟು ಸ್ಟಿಕರ್‌ಗೆ ಬಂತು. ಅಂಟಿಸಿದ ಮೇಲೆ ಮೂರು ದಿನ ನೀರು ತಾಕಿಸಲಿಲ್ಲ.

300 ಡಬ್ಬಿ ಮುಗಿದಾಗ 11 ಸ್ಟಿಕರ್ ಉಳಿದಿದ್ದವು. ಈಗ ಮಾಲೂರಿನಿಂದ ಒಂದು ಮದುವೆಗೆ 150 ಕೇಳಿದ್ದಾರೆ. ಅಮ್ಮ ಕೊಕ್ಕೆ ತೊಳೆದು ಇಟ್ಟಿದ್ದಾರೆ, ತೂತು ಕಡಿಮೆ ಇರುವ ಅಕ್ಷರ ಹುಡುಕು ಅಂತ ಹೇಳಿದ್ದಾರೆ. "ಬಾಲೂ ತಮ್ಮ" ಅನ್ನೋ ಹೆಸರಿನ ಕನ್ನಡ ಫಾಂಟ್ ಹಾಕಿ ನೋಡುತ್ತಿದ್ದೇನೆ, ಗೆರೆ ದಪ್ಪ ಇರುವುದರಿಂದ ಕೀಳುವಾಗ ಹರಿಯುವ ಭಯವೂ ಕಡಿಮೆ.