ಆಟಿಕೆ ಪೆಟ್ಟಿಗೆಗೆ ಬೀಗ ಯಾಕೆ?

ಬಾಲವಾಡಿ ಟೀಚರಿಗೆ ಏನು ಬೇಕು ಅಂತ ಕೇಳಿದರೆ ಹೊರಗಿನವರು ಥಟ್ಟನೆ ಹೇಳೋದು ಎರಡೇ: ಟ್ರೈನಿಂಗ್, ಸಾಮಾನು. ಪುಣೆಯ ವಾಘೋಲಿ ಕಡೆ ಕಟ್ಟಡದ ಸೈಟುಗಳಲ್ಲಿ ನಡೆಯುವ ಬಾಲವಾಡಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಇವೆರಡಕ್ಕೆ ಈಗ ಅಂಥಾ ಬರ ಇಲ್ಲ ಅನ್ನುತ್ತೇನೆ. 2022ರಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಅಂತಲೇ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಬಂತು. 2023ರಲ್ಲಿ ಆಟಿಕೆ, ಗೊಂಬೆ, ಒಗಟು ತುಂಬಿದ ‘ಜಾದೂಯಿ ಪಿಟಾರಾ’ ಬಂತು. ಮರುವರ್ಷ ಅಂಗನವಾಡಿಗಳಿಗೆ ‘ಆಧಾರಶಿಲಾ’ ಅನ್ನೋ ಪಠ್ಯಕ್ರಮ. ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಕೋರ್ಸುಗಳು ಪುಕ್ಕಟೆ. ಅವನ್ನು ಯಾವಾಗ ನೋಡಬೇಕು? ಮನೆಗೆ ಹೋಗಿ, ರೊಟ್ಟಿ ಬಡಿದು, ಎಲ್ಲರೂ ಮಲಗಿದ ಮೇಲೆ!

ನಮ್ಮ ಒಂದು ಸೈಟಿನಲ್ಲಿ ಒಳ್ಳೆಯ ಆಟಿಕೆ ಪೆಟ್ಟಿಗೆ ಇತ್ತು. ಮರದ ಗುಂಡು, ದಾರ, ಬಣ್ಣದ ತುಂಡುಗಳು. ಯಾವಾಗ ಹೋದರೂ ಅದು ಬೀಗ ಹಾಕಿದ ಕಪಾಟಿನಲ್ಲೇ. ಟೀಚರ್ ಸೋಮಾರಿ ಅಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಒಂದೊಂದು ಗುಂಡಿಗೂ ಲೆಕ್ಕ, ಕೆಳಗೆ ಆಕೆಯ ಸಹಿ. ಒಂದು ಕಳೆದರೆ ಸಂಬಳಕ್ಕೆ ಕತ್ತರಿ ಬೀಳುತ್ತದೆ ಅಂತ ಹೆದರಿಕೆ. ಎರಡು ವರ್ಷದ ಮಗು ಗುಂಡನ್ನು ಚಡ್ಡಿ ಜೇಬಿಗೆ ಹಾಕಿಕೊಂಡು ಹೋಗದೇ ಇರುತ್ತಾ? ರಿಜಿಸ್ಟರಿನಲ್ಲಿ ‘ಆಡುವಾಗ ಕಳೆದದ್ದು, ಮುರಿದದ್ದು’ ಅಂತ ಹೊಸ ಕಾಲಂ ಎಳೆದು, ಕೆಳಗೆ ನನ್ನ ಸಹಿ ಹಾಕಿದೆ. ಬೀಗ ತೆರೆಯಿತು. ನಾನು ಕೊಡಿಸಿದ ಯಾವ ಟ್ರೈನಿಂಗೂ ಇಷ್ಟು ಕೆಲಸ ಮಾಡಿಲ್ಲ.

ದುಬಾರಿ ಸಾಮಾನಿಗೆ ಕಾಯಬೇಕಿಲ್ಲ ಅನ್ನೋದು ಮಹಾರಾಷ್ಟ್ರಕ್ಕೆ ಹೊಸ ಮಾತೇನಲ್ಲ. ಶಿಶು ಶಿಕ್ಷಣಕ್ಕೆ ದುಡಿದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ 1945ರಲ್ಲಿ ಕಡಲ ತೀರದ ಹಳ್ಳಿ ಬೋರ್ಡಿಯಲ್ಲಿ ಕೆಲಸ ಶುರು ಮಾಡಿದಾಗ ಚಿಪ್ಪು, ಬೀಜ, ಎಲೆ, ಕಲ್ಲುಗಳಿಂದಲೇ ಕಲಿಸಿದರು. ಮಕ್ಕಳು ಶಾಲೆಗೆ ಬರದಿದ್ದರೆ ಅವರ ಅಂಗಳಕ್ಕೇ ಶಾಲೆ ಒಯ್ದರು. ನಮ್ಮ ಸೈಟಿನಲ್ಲಿ ಚಿಪ್ಪಿಲ್ಲ, ಟೈಲ್ಸ್ ಚೂರಿದೆ. ಅಂಚು ಉಜ್ಜಿ ನುಣುಪು ಮಾಡಿಕೊಂಡರೆ ಬಣ್ಣ ವಿಂಗಡಿಸೋ ಆಟಕ್ಕೆ ಅದೇ ಸಾಕು.

ಟೀಚರುಗಳಿಗೆ ನಿಜಕ್ಕೂ ಸಿಗದಿರೋದು, ತಮ್ಮಂಥ ಇನ್ನೊಬ್ಬರ ಜೊತೆ ಕೂತು ಮಾತಾಡೋ ಹೊತ್ತು. ಒಂದು ಸೈಟಿಗೆ ಒಬ್ಬ ಟೀಚರ್, ಒಬ್ಬ ಮದತನೀಸ್ (ಸಹಾಯಕಿ), ಅಷ್ಟೇ. ಹಾಗಾಗಿ ತಿಂಗಳಿಗೆ ಒಂದು ಶನಿವಾರ ಮಧ್ಯಾಹ್ನ ಎಲ್ಲರೂ ಒಂದೇ ಸೈಟಿನಲ್ಲಿ ಸೇರುವಂತೆ ಮಾಡಿದೆವು. ಭಾಷಣ ಇಲ್ಲ, ಪ್ರೊಜೆಕ್ಟರ್ ಇಲ್ಲ. ಪ್ರತಿಯೊಬ್ಬರೂ ಒಂದು ಮಗುವಿನ ವಿಷಯ ತರಬೇಕು. ಚಹಾ ಜೊತೆ ವಡಾಪಾವ್ ಕಡ್ಡಾಯ, ಅದಿಲ್ಲದಿದ್ದರೆ ಯಾರೂ ಬಾಯಿ ಬಿಡೋದಿಲ್ಲ.

ಅಂಥ ಒಂದು ಶನಿವಾರ ಮರಾಠಿ ಟೀಚರ್ ಒಬ್ಬರು ಯಾದಗಿರಿ ಕಡೆಯ ಹುಡುಗನ ವಿಷಯ ತಂದರು. ಮಾತೇ ಆಡೋದಿಲ್ಲ, ಬೆಳವಣಿಗೆ ಹಿಂದಿದೆಯೇನೋ, ಡಾಕ್ಟರಿಗೆ ತೋರಿಸೋಣವಾ ಅಂತ. ಕನ್ನಡ ಬಲ್ಲ, ಗಡಿಯ ಅಕ್ಕಲಕೋಟೆಯ ಟೀಚರ್ ಕೇಳಿದ್ದು ಒಂದೇ ಮಾತು: “ಮನೆಯಲ್ಲಿ ಆಡ್ತಾನಾ?” ಮನೆಯಲ್ಲಿ ಪಟಪಟ ಅಂತಾನೆ, ಕನ್ನಡದಲ್ಲಿ. ಆಕೆ ಅಲ್ಲೇ ಒಂದು ಚಾರ್ಟ್ ಮಾಡಿಕೊಟ್ಟರು. ನೀರು, ಹಸಿವು, ಉಚ್ಚಿ, ಅವ್ವ, ಒಲ್ಲೆ, ಬಾ ಇಲ್ಲಿ, ಎಲ್ಲ ದೇವನಾಗರಿಯಲ್ಲಿ. ಚಾರ್ಟ್ ಗೋಡೆಗೆ ಏರಿತು. ಹುಡುಗ ಮೊದಲು ಬಾಯಿ ಬಿಟ್ಟಿದ್ದು ಟೀಚರಿನ ಕನ್ನಡ ಕೇಳಿ ನಗೋದಕ್ಕೆ. ನಕ್ಕ ಮೇಲೆ ತಿದ್ದೋಕೆ ಶುರು ಮಾಡಿದ! ಈಗ ಮಕ್ಕಳ ಕಥೆಗಳ ವೆಬ್‌ಸೈಟ್ ಸ್ಟೋರಿವೀವರ್‌ನಿಂದ ಒಂದೇ ಕಥೆಯನ್ನು ಕನ್ನಡದಲ್ಲೂ ಮರಾಠಿಯಲ್ಲೂ ಪ್ರಿಂಟ್ ತೆಗೆದು ಇಡುತ್ತೇವೆ. ಅಲ್ಲಿ ಎರಡೂ ಪುಕ್ಕಟೆ ಸಿಗುತ್ತವೆ.

ಶನಿವಾರದ ಈ ಕೂಟಕ್ಕೆ ಶುರುವಿನಲ್ಲಿ ಸಂಬಳ ಇರಲಿಲ್ಲ, ‘ಸುಮ್ನೆ ಸೇರೋದು ತಾನೇ’ ಅಂದರು ಮೇಲಿನವರು. ಅರ್ಧ ದಿನದ ಕೂಲಿ, ಬಸ್ ಚಾರ್ಜು ಎರಡನ್ನೂ ಟ್ರೈನಿಂಗ್ ಖಾತೆಗೇ ಬರೆದು ಕಳಿಸಿದೆ. ವಡಾಪಾವ್ ಬಿಟ್ಟು ಉಳಿದದ್ದೆಲ್ಲ ಪಾಸಾಯಿತು.